ಹಿತ್ತಲ ಇಲಿ, ಹೆಗ್ಗಣಕ್ಕೆ ಎಂಥ ರೈಫಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಕೋಳಿಗೂಡಿನ ಅಡಿಯಲ್ಲಿ ಬಿಲ ತೋಡುವ ಹೆಗ್ಗಣ, ಕಾಳಿನ ಚೀಲ ಕೊರೆಯುವ ಇಲಿ. ಇವುಗಳ ಕಾಟ ತಾಳಲಾರದೆ ಸಣ್ಣ ರೈಫಲ್ ಒಂದನ್ನು ತರಲು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೇಳುವ ಕ್ರಮ ಮಾತ್ರ ತಲೆಕೆಳಗು. ಎಷ್ಟು ಪವರ್ ಎಂಬುದು ಮೊದಲು ಬರುತ್ತದೆ, ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದು ಕೊನೆಗೆ, ಅದೂ ನೆನಪಾದರೆ. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ.

ಇದಕ್ಕೆಲ್ಲ ರೈಫಲ್ ಬೇಕೇ ಬೇಕಾ?

ಎಷ್ಟೋ ಸಲ ಬೇಕಿಲ್ಲ. ಕಂದು ಇಲಿಯ ಗರ್ಭಾವಧಿ ಮೂರು ವಾರ, ಒಂದು ಸೂಲಿಗೆ ಏಳೆಂಟು ಮರಿ ಸಾಮಾನ್ಯ. ನೀವು ವಾರಕ್ಕೆ ಎರಡು ಹೊಡೆದು ಬೀಗುತ್ತಿರುವಾಗ ಬಿಲದೊಳಗೆ ಅದರ ನಾಲ್ಕರಷ್ಟು ಹುಟ್ಟಿರುತ್ತವೆ. ತಿನ್ನಲು ಸಿಗುವ ಕಾಳು ಮತ್ತು ಒಳಬರುವ ಸಂದು, ಇವೆರಡನ್ನೂ ಮುಚ್ಚದೆ ಕೋವಿ ಹಿಡಿದು ಕೂತರೆ ಅದು ಬೆಟ್ಟ ಅಗೆದು ಇಲಿ ಹಿಡಿದ ಕಥೆಯೇ. ದೊಡ್ಡ ಇಲಿಗೆ ಅರ್ಧ ಇಂಚಿನ ಸಂದು ಸಾಕು, ಸುಂಡಿಲಿಗೆ ಕಾಲು ಇಂಚು. ಕಾಳನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ, ಸಂದುಗಳಿಗೆ ಗಟ್ಟಿ ಜಾಲರಿ ಬಡಿದು, ಬೋನು ಇಟ್ಟ ಮೇಲೂ ಬೋನಿಗೆ ಬೀಳದ ನಾಲ್ಕಾರು ಜಾಣ ಇಲಿಗಳು ಉಳಿಯುತ್ತವೆ. ರೈಫಲ್ ಇರುವುದು ಅವಕ್ಕೆ.

ವಿಷ ಇಟ್ಟು ಜೊತೆಗೆ ಗುಂಡೂ ಹೊಡೆಯುವ ಅಭ್ಯಾಸ ಬೇಡ. ವಿಷ ತಿಂದು ಮಂಕಾದ ಇಲಿಯನ್ನು ಗೂಬೆಯೋ ಬೆಕ್ಕೋ ಮೊದಲು ಹಿಡಿಯುತ್ತದೆ. ನಿಮ್ಮ ಪರವಾಗಿ ಸಂಬಳವಿಲ್ಲದೆ ದುಡಿಯುತ್ತಿದ್ದ ಬೇಟೆಗಾರನನ್ನು ನೀವೇ ಕೊಂದ ಹಾಗಾಗುತ್ತದೆ.

ನನ್ನ ಹಿತ್ತಲು ಗುಂಡು ಹಾರಿಸಲು ತಕ್ಕದ್ದೇ ಎಂದು ತಿಳಿಯುವುದು ಹೇಗೆ?

ರೈಫಲ್ ಕೊಳ್ಳುವ ಮೊದಲೇ ಒಂದು ಸಂಜೆ ಬರಿಗೈಯಲ್ಲಿ ಹಿತ್ತಲಿಗೆ ಹೋಗಿ ಕುರ್ಚಿ ಹಾಕಿ ಕೂತುಕೊಳ್ಳಿ. ಇಲಿ ಎಲ್ಲಿಂದ ಬರುತ್ತದೆ, ಎಲ್ಲಿ ಒಂದು ಗಳಿಗೆ ನಿಲ್ಲುತ್ತದೆ ನೋಡಿ. ನಿಮ್ಮ ಕಣ್ಣಿಂದ ಆ ಜಾಗಕ್ಕೆ ಒಂದು ದಾರ ಎಳೆದಂತೆ ಊಹಿಸಿ, ಆ ದಾರವನ್ನು ಇಲಿಯ ಆಚೆಗೂ ಎಳೆಯುತ್ತಾ ಹೋಗಿ. ಅದು ಮೆತ್ತನೆ ಮಣ್ಣಿನ ದಿಬ್ಬಕ್ಕೋ ನೆಲಕ್ಕೋ ತಾಗಿದರೆ ಸರಿ. ಬೇಲಿ, ಪೊದೆ, ಪಕ್ಕದ ಮನೆಯ ಕಿಟಕಿ, ಆಕಾಶ, ಇವುಗಳಲ್ಲಿ ಯಾವುದಕ್ಕೆ ತಾಗಿದರೂ ಅಲ್ಲಿ ಗುಂಡು ಹಾರಿಸುವ ಮಾತಿಲ್ಲ.

ಮರದ ಬೇಲಿಯನ್ನು ಎಷ್ಟೋ ಜನ ತಡೆ ಎಂದುಕೊಳ್ಳುತ್ತಾರೆ. ಹಲಗೆಗಳ ನಡುವೆ ಸಂದಿರುತ್ತದೆ, ಹಳೆಯ ಹಲಗೆ ತೂತಾಗುತ್ತದೆ, ಗಂಟಿಗೆ ಬಡಿದ ಪೆಲೆಟ್ (ಏರ್ ರೈಫಲ್ ಹಾರಿಸುವ ಸಣ್ಣ ಗುಂಡು) ಎಲ್ಲಿಗೆ ಚಿಮ್ಮುತ್ತದೆಂದು ಹೇಳಲು ಬರುವುದಿಲ್ಲ. ಕಲ್ಲು, ಕಾಂಕ್ರೀಟ್, ನೀರು ಇನ್ನೂ ಕೆಟ್ಟವು. ನೀರಿನ ಮೇಲೆ ಓರೆಯಾಗಿ ಬಿದ್ದ ಗುಂಡು, ಮಕ್ಕಳು ಕೆರೆಯಲ್ಲಿ ಚಪ್ಪೆಕಲ್ಲು ಹಾರಿಸಿದಂತೆ ಪುಟಿಯುತ್ತದೆ. ಮರದ ಕೊಂಬೆಯ ಮೇಲಿನ ಗುರಿಯೂ ಬೇಡ. ಗುರಿ ತಪ್ಪಿದ ಏರ್ ರೈಫಲ್ ಪೆಲೆಟ್ ಮುನ್ನೂರು ಮೀಟರ್ ದಾಟಬಲ್ಲದು.

ದಾರಿ ಇಲ್ಲದಿಲ್ಲ. ಮೇಲಿಂದ ಕೆಳಕ್ಕೆ ಹೊಡೆಯುವಂತೆ ಕೂರಿ. ಮಹಡಿಯ ಕಿಟಕಿಯೋ ನಾಲ್ಕು ಮೆಟ್ಟಿಲ ಎತ್ತರವೋ ಸಿಕ್ಕರೆ ನೆಲವೇ ತಡೆಯಾಗುತ್ತದೆ. ಅದಿಲ್ಲವಾದರೆ ಮರಳು ತುಂಬಿದ ಚೀಲಗಳನ್ನು ಇಲಿ ಓಡಾಡುವ ದಾರಿಯ ಹಿಂದೆ ಪೇರಿಸಿ, ಅವುಗಳ ಮುಂದೆ ಒಂದಿಷ್ಟು ಕಾಳು ಚೆಲ್ಲಿ. ಇಲಿಯ ಹಿಂದೆ ನೀವು ಓಡುವ ಬದಲು ಇಲಿಯನ್ನೇ ತಡೆಯ ಮುಂದಕ್ಕೆ ಕರೆಸಿಕೊಳ್ಳುವುದು ಜಾಣತನ. ಇದಾವುದೂ ಆಗದ ಹಿತ್ತಲಾದರೆ ಬೋನೇ ಸರಿ, ಮುಂದಿನ ಪ್ರಶ್ನೆಗಳನ್ನು ಓದುವ ಅಗತ್ಯವೂ ಇಲ್ಲ.

.22 ರಿಮ್‌ಫೈರ್ ತಗೊಂಡರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ?

.22 ರಿಮ್‌ಫೈರ್ ಎಂದರೆ ಗಾಳಿಯದಲ್ಲ, ಮದ್ದಿನ ತೋಟಾ ಹಾಕುವ ಸಣ್ಣ ಬಂದೂಕು. ಅದರ .22 ಲಾಂಗ್ ರೈಫಲ್ 1887ರಿಂದ ಬಳಕೆಯಲ್ಲಿರುವ ತೋಟಾ. ಒಳ್ಳೆಯದೇ, ಆದರೆ ವಿಶಾಲ ಹೊಲಕ್ಕೆ. ಸಾಧಾರಣ ವೇಗದ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡು ಸುಮಾರು 138 ಜೂಲ್ ಶಕ್ತಿ ಹೊತ್ತು ಹೊರಡುತ್ತದೆ. ಮಧ್ಯಮ ಏರ್ ರೈಫಲ್‌ನದು 16 ಜೂಲ್. ಇಲಿಯ ತಲೆಗೆ ಆ ಹದಿನಾರೇ ಹೆಚ್ಚು. ಮಿಕ್ಕ ಶಕ್ತಿ ಇಲಿಯನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಈ ತೋಟಾದ ಪೆಟ್ಟಿಗೆಗಳ ಮೇಲೆ ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿಲೋಮೀಟರ್ ದೂರದ ಎಚ್ಚರಿಕೆ ಅಚ್ಚಾಗಿರುವುದು ಸುಮ್ಮನೆ ಅಲ್ಲ. ಗಟ್ಟಿ ನೆಲಕ್ಕೆ ಬಡಿದು ಪುಟಿಯುವುದರಲ್ಲೂ ಇದಕ್ಕೆ ಕುಖ್ಯಾತಿ ಇದೆ, ಕಡಿಮೆ ವೇಗದ ತೋಟಾ ಹಾಕಿದರೂ ಆ ಚಾಳಿ ಪೂರ್ತಿ ಬಿಡುವುದಿಲ್ಲ. ಅಕ್ಕಪಕ್ಕ ಮನೆಗಳಿರುವ ಹಿತ್ತಲಿಗೆ ಇದನ್ನು ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಇಲ್ಲಿಂದ ಮುಂದೆ ನಾನು ಮಾತಾಡುವುದು ಏರ್ ರೈಫಲ್ ಬಗ್ಗೆ ಮಾತ್ರ.

ಏರ್ ರೈಫಲ್ ಎಂದರೆ ಆಟಿಕೆ ಎಂದು ಮೂಗು ಮುರಿಯುವವರಿಗೊಂದು ಮಾತು. 1780ರ ಸುಮಾರಿಗೇ ಆಸ್ಟ್ರಿಯದ ಸೇನೆ ಗಿರಾಂಡೋನಿ ಎಂಬ ಗಾಳಿಕೋವಿಯನ್ನು ಬಳಸಿತ್ತು. ಅದರಲ್ಲಿ ಒಟ್ಟಿಗೆ ಇಪ್ಪತ್ತು ಗುಂಡು ತುಂಬಬಹುದಿತ್ತು.

ಏರ್ ರೈಫಲ್‌ನಲ್ಲಿ .177 ಒಳ್ಳೆಯದಾ, .22 ಒಳ್ಳೆಯದಾ?

ಈ ಜಗಳ ನಮ್ಮ ಕಾಲದಲ್ಲಿ ಮುಗಿಯುವಂಥದ್ದಲ್ಲ. ಇವು ಬ್ಯಾರೆಲ್ ಒಳಗಿನ ಅಗಲದ ಇಂಚಿನ ಲೆಕ್ಕ: .177 ಅಂದರೆ 4.5 ಮಿ.ಮೀ., .22 ಅಂದರೆ 5.5 ಮಿ.ಮೀ. ಒಂದೇ ಶಕ್ತಿಯ ಎರಡು ರೈಫಲ್ ಇಟ್ಟುಕೊಳ್ಳಿ, 16 ಜೂಲ್ ಎನ್ನೋಣ. .177ರಲ್ಲಿ 8.4 ಗ್ರೇನ್ ಪೆಲೆಟ್ ಸೆಕೆಂಡಿಗೆ ಸುಮಾರು 244 ಮೀಟರ್ ವೇಗದಲ್ಲಿ ಹೊರಡುತ್ತದೆ. .22ರಲ್ಲಿ 16 ಗ್ರೇನ್ ಪೆಲೆಟ್ 177 ಮೀಟರ್ ವೇಗದಲ್ಲಿ. ಮೊದಲನೆಯದು ಹಗುರ, ಚುರುಕು, ಅದರ ದಾರಿ ಹೆಚ್ಚು ನೇರ, ಹಾಗಾಗಿ ದೂರದ ಅಂದಾಜು ಸ್ವಲ್ಪ ತಪ್ಪಿದರೂ ಕೈಬಿಡುವುದಿಲ್ಲ. ಎರಡನೆಯದು ಹೆಚ್ಚು ಬಾಗಿ ಹೋಗುತ್ತದೆ, ಆದರೆ ಅಗಲವಾದ ಪೆಟ್ಟು ಕೊಡುತ್ತದೆ, ದೇಹದೊಳಗೇ ನಿಲ್ಲುವ ಸಂಭವವೂ ಹೆಚ್ಚು.

ಹಿತ್ತಲಿನ ಹತ್ತಿಪ್ಪತ್ತು ಮೀಟರಿನಲ್ಲಿ ಪೆಲೆಟ್ ಬಾಗುವ ತಕರಾರು ದೊಡ್ಡದಲ್ಲ, ಆಚೆಗೆ ದಾಟಿ ಹೋಗದಿರುವುದೇ ಮುಖ್ಯ. ಅದಕ್ಕೇ ಹೆಗ್ಗಣದ ಗಾತ್ರಕ್ಕೆ ನನ್ನ ಓಟು .22ಕ್ಕೆ. ಕಾನೂನು .177 ಮಾತ್ರ ಸಲೀಸಾಗಿ ಕೊಡುವ ಕಡೆ ಇದ್ದೀರೋ, ಕೊರಗಬೇಡಿ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯುವುದು ಇದೇ 4.5 ಮಿ.ಮೀ. ಪೆಲೆಟ್‌ನಲ್ಲಿ, ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. .25 ಹಿತ್ತಲಿಗೆ ಬೇಡ.

ಸ್ಪ್ರಿಂಗ್, ಗ್ಯಾಸ್, ಪಿಸಿಪಿ... ಯಾವುದನ್ನು ಆರಿಸಲಿ?

ಸ್ಪ್ರಿಂಗ್ ರೈಫಲ್‌ನಲ್ಲಿ ಬ್ಯಾರೆಲ್ ಮಡಚಿದಾಗ ಅಥವಾ ಕೆಳಗಿನ ಸನ್ನೆ ಎಳೆದಾಗ ದೊಡ್ಡ ಸ್ಪ್ರಿಂಗ್ ಬಿಗಿಯಾಗುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಹಿಂಡಿ ಪೆಲೆಟ್ ಅನ್ನು ದೂಡುತ್ತದೆ. ಬೇರೆ ಪಂಪು ಸಿಲಿಂಡರ್ ಏನೂ ಬೇಡ, ಮೂಲೆಯಲ್ಲಿಟ್ಟು ವರ್ಷ ಬಿಟ್ಟು ತೆಗೆದರೂ ಕೆಲಸ ಮಾಡುತ್ತದೆ. ಆದರೆ ಅದನ್ನು ಪಳಗಿಸಬೇಕು. ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ತುದಿ ಮುಟ್ಟಿದಾಗ ಮತ್ತೆ ಮುಂದಕ್ಕೆ ಕುಕ್ಕುತ್ತದೆ. ಇಷ್ಟೆಲ್ಲ ನಡೆಯುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಗಟ್ಟಿಯಾಗಿ ಅಪ್ಪಿ ಹಿಡಿದರೆ ಪ್ರತಿ ಸಲವೂ ನಿಮ್ಮ ಹಿಡಿತ ಬೇರೆಯಾಗಿ ಪೆಲೆಟ್ ಬೇರೆ ಕಡೆ ಬೀಳುತ್ತದೆ. ಮುಂಗೈಯನ್ನು ತಟ್ಟೆಯಂತೆ ಚಾಚಿ, ರೈಫಲ್ ಅನ್ನು ಅದರ ಮೇಲೆ ಸುಮ್ಮನೆ ಕೂರಿಸಿ, ಅದು ತನ್ನಿಷ್ಟದಂತೆ ಕುಲುಕಲಿ ಎಂದು ಬಿಡಬೇಕು. ಈ ಹಿಡಿತ ಕೈಗೆ ಹತ್ತಲು ಸಾವಿರ ಪೆಲೆಟ್ ಸುಡಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸ್ಪ್ರಿಂಗ್ ರೈಫಲ್ ಬಗ್ಗೆ ಬರುವ ಮುಕ್ಕಾಲು ದೂರು ಆ ಜಾತಿಯದು.

ಗ್ಯಾಸ್ ರ್‍ಯಾಮ್ ಇದರದೇ ತಮ್ಮ. ಸ್ಪ್ರಿಂಗ್ ಬದಲು ಮೊಹರು ಮಾಡಿದ ಅನಿಲದ ಕೊಳವೆ. ಝಣಝಣ ನಾದ ಕಡಿಮೆ, ಬಿಗಿ ಮಾಡಿ ಸ್ವಲ್ಪ ಹೊತ್ತು ಕಾದರೂ ಸ್ಪ್ರಿಂಗ್ ಸೋಲುವ ಭಯವಿಲ್ಲ. ಆದರೆ ಒದೆತ ಅದೇ.

ಪಿಸಿಪಿಯಲ್ಲಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್) 200ರಿಂದ 300 ಬಾರ್ ಒತ್ತಡದ ಗಾಳಿ ಮೊದಲೇ ತುಂಬಿರುತ್ತದೆ. ಟ್ರಿಗರ್ ಒತ್ತಿದಾಗ ಒಂದು ಗುಟುಕು ಗಾಳಿ ಹೊರಬಿಡುತ್ತದೆ, ಅಷ್ಟೆ. ಒದೆತ ಇಲ್ಲವೆಂದರೂ ಸರಿ, ಹೊಸಬನೂ ಮೊದಲ ದಿನವೇ ಗುರಿ ಕೂಡಿಸುತ್ತಾನೆ. ಖರ್ಚು ಮಾತ್ರ ರೈಫಲ್‌ಗೆ ನಿಲ್ಲುವುದಿಲ್ಲ: ಕೈಪಂಪು, ಇಲ್ಲವೇ ಕಂಪ್ರೆಸರ್, ಇಲ್ಲವೇ ದೊಡ್ಡ ಸಿಲಿಂಡರ್ ಬೇಕೇ ಬೇಕು. ಒಣಗಿದ, ಸೋಸಿದ ಗಾಳಿಯನ್ನಷ್ಟೇ ತುಂಬಬೇಕು. ಆಮ್ಲಜನಕದ ಸಿಲಿಂಡರ್‌ನಿಂದ ತುಂಬಿಸುವ ಯೋಚನೆ ಕನಸಲ್ಲೂ ಬರಬಾರದು, ಗ್ರೀಸಿನ ಲವಲೇಶ ಸಿಕ್ಕರೂ ಅದು ಸ್ಫೋಟವಾಗುತ್ತದೆ.

ಹಲವು ಸಲ ಪಂಪು ಹೊಡೆಯುವ ಬಗೆಯದು ಒದೆಯುವುದಿಲ್ಲ, ಅಗ್ಗವೂ ಹೌದು, ಆದರೆ ಎರಡನೇ ಗುಂಡಿಗೆ ಮತ್ತೆ ಎಂಟು ಹತ್ತು ಸಲ ಪಂಪು ಹೊಡೆಯುವಷ್ಟರಲ್ಲಿ ಇಲಿ ಮನೆ ಸೇರಿರುತ್ತದೆ. ಕಾರ್ಬನ್ ಡೈ ಆಕ್ಸೈಡ್ ಕ್ಯಾಪ್ಸೂಲ್ ಹಾಕುವ ರೈಫಲ್‌ಗಳು ಚಳಿಯಲ್ಲಿ ಸೊರಗುತ್ತವೆ.

ನನ್ನ ತೀರ್ಪು ಕೇಳಿದರೆ, ಅಭ್ಯಾಸ ಮಾಡುವ ತಾಳ್ಮೆ ಇದ್ದವರಿಗೆ ಮಧ್ಯಮ ಶಕ್ತಿಯ ಸ್ಪ್ರಿಂಗ್ ರೈಫಲ್, ತಾಳ್ಮೆ ಇಲ್ಲದೆ ಹಣ ಇದ್ದವರಿಗೆ ಪಿಸಿಪಿ.

ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1,250 ಅಡಿ ವೇಗ ಎಂದಿದೆ. ಅದೇ ಒಳ್ಳೆಯದಲ್ಲವೇ?

ಆ ಅಂಕಿ ಬಂದಿರುವುದು ಹೆಚ್ಚಾಗಿ ಅತಿ ಹಗುರದ ಮಿಶ್ರಲೋಹದ ಪೆಲೆಟ್‌ನಿಂದ. ಸೀಸದ ಪೆಲೆಟ್ ಹಾಕಿದರೆ ಅದು ತಾನಾಗಿ ಇಳಿಯುತ್ತದೆ, ಇಳಿಯುವುದೇ ಒಳ್ಳೆಯದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. ಅದರ ಹತ್ತಿರ ಹೋದ ಪೆಲೆಟ್ ಗಾಳಿಯಲ್ಲಿ ತೂರಾಡುತ್ತದೆ, ದಾಟಿದರೆ ಚಾಟಿ ಬೀಸಿದಂತೆ ಸದ್ದು ಮಾಡುತ್ತದೆ. 600ರಿಂದ 900 ಅಡಿಯೊಳಗೆ ನೆಟ್ಟಗೆ ಹೋಗುವ ರೈಫಲ್ ಬೇಕಾದದ್ದು.

ಪರವಾನಗಿ, ಕಾನೂನು?

ಇದು ದೇಶದಿಂದ ದೇಶಕ್ಕೆ, ಕೆಲವು ಕಡೆ ನಗರದಿಂದ ನಗರಕ್ಕೆ ಬದಲಾಗುತ್ತದೆ. ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಅಥವಾ .177 ಮೀರಿದರೆ ಪರವಾನಗಿ ಬೇಕು. ಇಂಗ್ಲೆಂಡಿನಲ್ಲಿ ಗಡಿ 12 ಫುಟ್-ಪೌಂಡ್, ಅಂದರೆ 16 ಜೂಲ್ ಚಿಲ್ಲರೆ. ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯಿಂದ ಅದಕ್ಕಿಂತ ಕಡಿಮೆಯದಕ್ಕೂ ಪ್ರಮಾಣಪತ್ರ ಬೇಕು. ಜರ್ಮನಿಯಲ್ಲಿ ಗಡಿ 7.5 ಜೂಲ್. ಕೆನಡಾದಲ್ಲಿ ಸೆಕೆಂಡಿಗೆ 500 ಅಡಿ ಮತ್ತು 5.7 ಜೂಲ್ ಎರಡನ್ನೂ ಮೀರಿದರೆ ಅದು ಬಂದೂಕಿನ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ ಏರ್ ರೈಫಲ್ ಕೊಳ್ಳುವುದು ಬಹುತೇಕ ಕಡೆ ಸುಲಭ, ಆದರೆ ಪಟ್ಟಣದ ಮಿತಿಯೊಳಗೆ ಹಾರಿಸುವುದಕ್ಕೆ ಹಲವೆಡೆ ನಿಷೇಧವಿದೆ.

ಜನ ಮರೆಯುವ ಇನ್ನೊಂದು ಅರ್ಧ ಇದೆ, ಅದು ಪ್ರಾಣಿಯ ಕಾನೂನು. ರೈಫಲ್‌ಗೆ ಪರವಾನಗಿ ಬೇಡ ಎಂದ ಮಾತ್ರಕ್ಕೆ ಕಂಡದ್ದಕ್ಕೆಲ್ಲ ಹೊಡೆಯುವ ಪರವಾನಗಿ ಸಿಕ್ಕಂತಲ್ಲ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆ ಬಹುತೇಕ ಸ್ಥಳೀಯ ಹಕ್ಕಿಗಳನ್ನು ಕಾಯುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಾಗೆ, ಇಲಿ, ಬಾವಲಿಗಳನ್ನು ಉಪದ್ರವಿಗಳೆಂದು ಹೆಸರಿಸಿದ್ದ ಅದರ ಐದನೇ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ಹಳೆಯ ಮಾತು ನಂಬಿ ಕಾಗೆಗೆ ಗುರಿಯಿಡಬೇಡಿ. ಅಳಿಲು, ಪಾರಿವಾಳ, ಮುಂಗುಸಿ ಯಾವುದೇ ಇರಲಿ, ನಿಮ್ಮಲ್ಲಿ ಇಂದು ಜಾರಿಯಲ್ಲಿರುವ ನಿಯಮವನ್ನು ಅರಣ್ಯ ಇಲಾಖೆಯಲ್ಲೋ ಪೊಲೀಸರಲ್ಲೋ ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಯಾವ ಪೆಲೆಟ್?

ದುಂಡು ತಲೆಯದು. ಚಪ್ಪಟೆ ತಲೆಯದು ಕಾಗದದ ಗುರಿಯಲ್ಲಿ ಅಚ್ಚುಕಟ್ಟಾದ ತೂತು ಮಾಡುತ್ತದೆ, ಹದಿನೈದು ಮೀಟರ್ ಒಳಗೆ ಇಲಿಗೂ ಸರಿಯೇ, ಅದರಾಚೆ ಚದುರುತ್ತದೆ. ಚೂಪು ತಲೆಯದು, ತೂತು ತಲೆಯದು ಡಬ್ಬಿಯ ಚಿತ್ರದಲ್ಲಿ ಕಾಣುವಷ್ಟು ಕೆಲಸದಲ್ಲಿ ಕಾಣುವುದಿಲ್ಲ.

ಪ್ರತಿ ಬ್ಯಾರೆಲ್‌ಗೂ ಒಂದು ನಾಲಿಗೆ ರುಚಿ ಇರುತ್ತದೆ. ಒಂದೇ ಮಾದರಿಯ ಎರಡು ರೈಫಲ್‌ಗಳಿಗೆ ಬೇರೆ ಬೇರೆ ಪೆಲೆಟ್ ಹಿಡಿಸುವುದುಂಟು. ತಲೆಯ ಅಗಲದಲ್ಲಿ ನೂರನೇ ಒಂದು ಮಿಲಿಮೀಟರ್ ವ್ಯತ್ಯಾಸ, 5.51 ಮತ್ತು 5.52, ಕೆಲವು ಬ್ಯಾರೆಲ್‌ಗಳಲ್ಲಿ ಕಣ್ಣಿಗೆ ಕಾಣುವಷ್ಟು ಪರಿಣಾಮ ಮಾಡುತ್ತದೆ. ನಾಲ್ಕೈದು ಬಗೆಯ ಡಬ್ಬಿ ತಂದು, ಪ್ರತಿಯೊಂದರಿಂದಲೂ ಮೊದಲು ಇಪ್ಪತ್ತು ಪೆಲೆಟ್ ಸುಮ್ಮನೆ ಹಾರಿಸಿ ಬ್ಯಾರೆಲ್‌ಗೆ ಒಗ್ಗಿಸಿ, ಆಮೇಲೆ ಹತ್ತು ಹತ್ತರ ಗುಂಪು ಹೊಡೆದು ನೋಡಿ. ಇಡೀ ರೈಫಲ್‌ನಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಫಲ ಕೊಡುವ ಸುಧಾರಣೆ ಇಲ್ಲ.

ಸೀಸ ವಿಷ. ಪೆಲೆಟ್ ಬಾಯಲ್ಲಿ ಕಚ್ಚಿ ಹಿಡಿಯುವ ಕೆಟ್ಟ ಚಟ ಕೆಲವರಿಗಿದೆ, ಬಿಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಸ್ಕೋಪ್ ಎಂಥದು ಬೇಕು? ಹತ್ತಿರದ ಇಲಿಗೆ ಗುರಿ ತಪ್ಪುವುದು ಯಾಕೆ?

ಮೊದಲ ಸ್ಪ್ರಿಂಗ್ ರೈಫಲ್‌ಗೆ ನಾನು ಬೇಟೆ ಬಂದೂಕಿನ ಚೆಂದದ ಸ್ಕೋಪ್ ಒಂದನ್ನು ಹಾಕಿದ್ದೆ. ಎರಡು ವಾರದಲ್ಲಿ ಒಳಗಿನ ಅಡ್ಡಗೆರೆ ಸಡಿಲಾಗಿ ಗಿರಗಿರ ತಿರುಗಿತು. ಬಂದೂಕಿನ ಸ್ಕೋಪ್‌ಗಳನ್ನು ಹಿಂದಕ್ಕೆ ಬರುವ ಒದೆತ ತಾಳುವಂತೆ ಮಾಡಿರುತ್ತಾರೆ, ಸ್ಪ್ರಿಂಗ್ ರೈಫಲ್‌ನ ಮುಂದಕ್ಕೆ ಕುಕ್ಕುವ ಹೊಡೆತಕ್ಕೆ ಅವು ತಯಾರಿರುವುದಿಲ್ಲ. ಏರ್ ರೈಫಲ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಪಿಸಿಪಿಗೆ ಈ ಚಿಂತೆ ಇಲ್ಲ.

ಎರಡನೆಯದು ಪ್ಯಾರಲ್ಯಾಕ್ಸ್. ಕಣ್ಣು ಸ್ವಲ್ಪ ಸರಿದಾಗ ಅಡ್ಡಗೆರೆ ಗುರಿಯ ಮೇಲೆ ಜಾರಿದಂತೆ ಕಾಣುವ ದೋಷ ಅದು. ದೂರದ ಬೇಟೆಗೆ ಮಾಡಿದ ಸ್ಕೋಪ್ ಹತ್ತು ಮೀಟರಿಗೆ ಹಿಡಿದರೆ ಚಿತ್ರವೂ ಮಂಜು, ಗುರಿಯೂ ಸುಳ್ಳು. ಹತ್ತು ಮೀಟರಿಗೆ ಇಳಿಸಿ ಹೊಂದಿಸಲು ಬರುವಂಥದ್ದನ್ನೇ ಆರಿಸಿ. ವರ್ಧನೆ ನಾಲ್ಕರಿಂದ ಒಂಬತ್ತು ಪಟ್ಟು ಧಾರಾಳವಾಯಿತು. ಇಪ್ಪತ್ತನಾಲ್ಕು ಪಟ್ಟಿನ ಸ್ಕೋಪ್‌ನಲ್ಲಿ ಇಲಿಯ ಮೀಸೆ ಕಾಣುತ್ತದೆ, ಇಲಿ ಎಲ್ಲಿದೆ ಎಂಬುದು ಕಾಣುವುದಿಲ್ಲ.

ಈಗ ಹತ್ತಿರದ ಗುರಿ ತಪ್ಪುವ ವಿಚಾರ. ಸ್ಕೋಪ್ ಬ್ಯಾರೆಲ್‌ಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಪೆಲೆಟ್ ಕೆಳಗಿಂದ ಹೊರಟು ನಿಮ್ಮ ನೋಟದ ಗೆರೆಯನ್ನು ಒಮ್ಮೆ ದಾಟಿ ಮೇಲೇರಿ, ಮತ್ತೆ ಬಾಗಿ ಎರಡನೇ ಸಲ ದಾಟುತ್ತದೆ. 16 ಜೂಲ್‌ನ .22 ರೈಫಲ್ ಅನ್ನು 25 ಮೀಟರಿನಲ್ಲಿ ಪೆಲೆಟ್ ಗುರಿಗೇ ಬೀಳುವಂತೆ ಕೂಡಿಸಿದ್ದೀರಿ, ಸ್ಕೋಪ್ ನಾಲ್ಕೂವರೆ ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. 5 ಮೀಟರಿನಲ್ಲಿ ಪೆಲೆಟ್ ಗುರಿಗಿಂತ ಸುಮಾರು 2 ಸೆಂ.ಮೀ. ಕೆಳಗೆ ಬೀಳುತ್ತದೆ. 10 ಮೀಟರಿನ ಆಸುಪಾಸು ಸರಿಯಾಗಿ ಗುರಿಗೇ. 15ರಿಂದ 20 ಮೀಟರ್ ನಡುವೆ ಒಂದು ಸೆಂ.ಮೀ. ಚಿಲ್ಲರೆ ಮೇಲೆ. 25ಕ್ಕೆ ಮತ್ತೆ ಗುರಿಗೆ. 30 ಮೀಟರಿಗೆ ಒಂದೂವರೆಯಿಂದ ಎರಡು ಸೆಂ.ಮೀ. ಕೆಳಗೆ. ಕಾಲ ಬುಡದಲ್ಲೇ ಬಂದ ಇಲಿ ತಪ್ಪಿಸಿಕೊಂಡದ್ದು ಅದರ ಪುಣ್ಯದಿಂದಲ್ಲ, ಈ ಎರಡು ಸೆಂಟಿಮೀಟರಿನಿಂದ.

ಲೆಕ್ಕ ನನ್ನದು, ರೈಫಲ್ ನಿಮ್ಮದು. ಐದೈದು ಮೀಟರಿಗೆ ಒಂದೊಂದು ಕಾಗದ ನೆಟ್ಟು ನಿಮ್ಮ ಪೆಲೆಟ್‌ನಲ್ಲೇ ಹೊಡೆದು ನೋಡಿ, ಸಿಕ್ಕಿದ್ದನ್ನು ಚೀಟಿಯಲ್ಲಿ ಬರೆದು ಭುಜಕ್ಕೆ ಆನಿಸುವ ಹಿಡಿಗೆ, ಅಂದರೆ ಸ್ಟಾಕ್‌ಗೆ ಅಂಟಿಸಿ. ನನ್ನದರ ಮೇಲೆ ಇನ್ನೂ ಇದೆ.

ಎಷ್ಟು ದೂರದವರೆಗೆ ಹೊಡೆಯಬಹುದು?

ರೈಫಲ್‌ನ ದೂರ ಬೇರೆ, ನಿಮ್ಮ ದೂರ ಬೇರೆ. ಕಾಗದದಲ್ಲಿ ಎರಡೂವರೆ ಸೆಂ.ಮೀ. ಅಗಲದ ವೃತ್ತ ಬರೆಯಿರಿ. ಇಲಿಗಾಗಿ ನೀವು ನಿಜಕ್ಕೂ ಕೂರುವ ಭಂಗಿಯಲ್ಲೇ ಕೂತು, ಮೇಜು ಮರಳುಚೀಲದ ಆಸರೆ ಇಲ್ಲದೆ ಹತ್ತು ಪೆಲೆಟ್ ಹೊಡೆಯಿರಿ. ಹತ್ತಕ್ಕೆ ಹತ್ತೂ ಒಳಗೆ ಬೀಳುವ ದೂರವೇ ನಿಮ್ಮ ಮಿತಿ. ಎಂಟು ಬಿದ್ದರೆ ಸಾಲದು, ಆಚೆ ಹೋದ ಎರಡು ಅಂದರೆ ಗಾಯಗೊಂಡು ಬಿಲ ಸೇರಿ ನರಳುವ ಎರಡು ಇಲಿಗಳು. ಅನೇಕರಿಗೆ ಈ ಮಿತಿ ಹದಿನೈದು ಮೀಟರ್ ಬರುತ್ತದೆ, ಮುಖ ಸಣ್ಣದಾಗುತ್ತದೆ. ಹಿತ್ತಲಿಗೆ ಅಷ್ಟು ಸಾಕು.

ಕೊಂಡ ಮೇಲೆ ಏನೇನು ಬದಲಾಯಿಸಬಹುದು? ಯಾವುದರಿಂದ ಶುರು ಮಾಡಲಿ?

ಸ್ಕ್ರೂಡ್ರೈವರ್‌ನಿಂದ. ತಮಾಷೆಯಲ್ಲ. ಸ್ಪ್ರಿಂಗ್ ರೈಫಲ್‌ನ ಕುಲುಕಾಟಕ್ಕೆ ಸ್ಟಾಕ್‌ನ ಸ್ಕ್ರೂಗಳು ಸದಾ ಸಡಿಲಾಗುತ್ತಿರುತ್ತವೆ. ನಿನ್ನೆ ಸರಿಯಿದ್ದ ಗುರಿ ಇಂದು ಅಂಗೈಯಗಲ ಚದುರಿತೆಂದರೆ ಮೊದಲು ನೋಡಬೇಕಾದ್ದು ಅವನ್ನೇ, ಆಮೇಲೆ ಸ್ಕೋಪ್ ಹಿಡಿಕೆಯ ಸ್ಕ್ರೂಗಳನ್ನು. ಬಿಚ್ಚಲು ಬರುವ ಬಗೆಯ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಹೊಸ ಬ್ಯಾರೆಲ್ ಒಳಗೆ ಕಾರ್ಖಾನೆಯ ಎಣ್ಣೆ ಇರುತ್ತದೆ, ಬಟ್ಟೆ ಎಳೆದು ಒರೆಸಿ.

ಆಮೇಲೆ ರೈಫಲ್ ನಿಮ್ಮ ಮೈಗೆ ಹೊಂದಬೇಕು. ಹೆಚ್ಚಿನ ಸ್ಟಾಕ್‌ಗಳನ್ನು ಬರಿಗಣ್ಣಿನ ಗುರಿಗೆ ತಕ್ಕಂತೆ ಕೆತ್ತಿರುತ್ತಾರೆ. ಸ್ಕೋಪ್ ಹಾಕಿದ ಕೂಡಲೇ ಕೆನ್ನೆಗೆ ಆಸರೆ ಇಲ್ಲದೆ ತಲೆ ಗಾಳಿಯಲ್ಲಿ ತೇಲುತ್ತದೆ. ಕಣ್ಣು ಮುಚ್ಚಿ ರೈಫಲ್ ಭುಜಕ್ಕಿಡಿ, ಕೆನ್ನೆ ಆರಾಮಾಗಿ ಊರಿ, ಕಣ್ಣು ತೆರೆಯಿರಿ. ಸ್ಕೋಪ್‌ನ ಪೂರ್ತಿ ಚಿತ್ರ ಎದುರಿಗೇ ಇದ್ದರೆ ಸರಿ. ಕತ್ತು ಎತ್ತಿ ಹುಡುಕಬೇಕಾಗಿ ಬಂದರೆ ಕೆನ್ನೆಯ ಜಾಗಕ್ಕೆ ಸ್ಪಂಜಿನ ತುಂಡು ಕಟ್ಟಿ ಎತ್ತರಿಸಿ. ನೋಡಲು ಅಂದವಿಲ್ಲ, ಕೆಲಸಕ್ಕೆ ಮೋಸವಿಲ್ಲ. ಸ್ಟಾಕ್ ಉದ್ದ ಕಡಿಮೆಯೆನಿಸಿದರೆ ಹಿಂಬದಿಯ ರಬ್ಬರ್ ಪ್ಯಾಡ್‌ಗೆ ತುಂಡು ಸೇರಿಸಬಹುದು.

ಟ್ರಿಗರ್ ವಿಷಯದಲ್ಲಿ ಜನ ಹಗುರ ಹಗುರ ಎಂದು ಹಾತೊರೆಯುತ್ತಾರೆ. ಬೇಕಾದ್ದು ಹಗುರ ಅಲ್ಲ, ಊಹಿಸಲು ಬರುವ ಗುಣ. ಎರಡು ಹಂತದ ಟ್ರಿಗರ್‌ನಲ್ಲಿ ಮೊದಲ ಹಂತ ಸಡಿಲವಾಗಿ ಬಂದು ಒಂದು ಗೋಡೆಗೆ ತಾಗಿ ನಿಲ್ಲಬೇಕು, ಅಲ್ಲಿಂದ ಸ್ವಲ್ಪ ಒತ್ತಿದರೆ ಕಡ್ಡಿ ಮುರಿದಂತೆ ಬಿಡಬೇಕು. ಕೈಪಿಡಿಯಲ್ಲಿ ಹೇಳಿದ ಸ್ಕ್ರೂಗಳನ್ನು ಹೇಳಿದ ಮಿತಿಯಲ್ಲಿ ಮಾತ್ರ ತಿರುಗಿಸಿ. ಒಳಗಿನ ಭಾಗ ಅರ ಹಾಕಿ ಉಜ್ಜುವ ಕೆಲಸ ಮನೆಯಲ್ಲಿ ಬೇಡ. ಅತಿ ಹಗುರಾದ ಟ್ರಿಗರ್ ಬ್ಯಾರೆಲ್ ಮುಚ್ಚುವಾಗಲೇ ಬಿಟ್ಟುಬಿಟ್ಟರೆ ಬೆರಳಿನ ಗತಿ ಏನು? ಟ್ರಿಗರ್ ಮುಟ್ಟದಿದ್ದರೂ ಸರಿ, ಮಡಚುವ ರೈಫಲ್‌ಗೆ ಪೆಲೆಟ್ ಇಡುವಾಗ ಇನ್ನೊಂದು ಕೈ ಬ್ಯಾರೆಲ್ ಅನ್ನು ಹಿಡಿದೇ ಇರಬೇಕು.

ಕೆಲವು ಮಡಚುವ ರೈಫಲ್‌ಗಳಲ್ಲಿ ಬ್ಯಾರೆಲ್ ಮೂತಿ ತುಸು ಕೆಳಗೆ ಬಾಗಿರುತ್ತದೆ, ಸ್ಕೋಪ್ ಎಷ್ಟು ತಿರುಗಿಸಿದರೂ ಪೆಲೆಟ್ ಮೇಲೇರುವುದಿಲ್ಲ. ಹಿಂಬದಿ ಎತ್ತರಿಸಿದ ಹಿಡಿಕೆ ಹಾಕಿದರೆ ಪರಿಹಾರವಾಯಿತು. ಮೂರುಕಾಲಿನ ಸ್ಟ್ಯಾಂಡು, ಬೈಪಾಡು ಪಿಸಿಪಿಗೆ ಚೆನ್ನ. ಸ್ಪ್ರಿಂಗ್ ರೈಫಲ್‌ಗೆ ಗಟ್ಟಿ ಆಸರೆ ಕೊಟ್ಟರೆ ಗುರಿ ಕೆಡುತ್ತದೆ.

ಸ್ಪ್ರಿಂಗ್ ಬದಲಿಸಿ ಶಕ್ತಿ ಹೆಚ್ಚಿಸಬಹುದೇ?

ಆಗುತ್ತದೆ, ಮಾಡಬೇಡಿ. ಒದೆತ ಹೆಚ್ಚಾಗಿ ಗುರಿ ಕೆಡುತ್ತದೆ, ಸೀಲ್ ಬೇಗ ಸವೆಯುತ್ತದೆ, ಕಾನೂನಿನ ಗಡಿ ದಾಟಿದರೆ ನೀವು ಅಪರಾಧಿ. ಅದೇ ಹಣದಲ್ಲಿ ಅನುಭವಸ್ಥ ಗನ್‌ಸ್ಮಿತ್ ಕೈಯಲ್ಲಿ ಸ್ಪ್ರಿಂಗ್‌ಗೆ ಸರಿಯಾದ ಗೈಡ್ ಕೂರಿಸಿ ದಪ್ಪ ಗ್ರೀಸ್ ಹಚ್ಚಿಸಿದರೆ ಝಣಕಾರ ಅಡಗಿ ರೈಫಲ್ ಬೇರೆಯದೇ ಆಗುತ್ತದೆ. ಒಳಗಿನ ಸ್ಪ್ರಿಂಗ್ ಬಿಗಿತದಲ್ಲಿ ಕೂತಿರುತ್ತದೆ, ಸರಿಯಾದ ಸಲಕರಣೆ ಇಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತದೆ.

ಸದ್ದು ಕಡಿಮೆ ಮಾಡುವುದು ಹೇಗೆ?

ಶಬ್ದದ ವೇಗಕ್ಕಿಂತ ಕೆಳಗಿರಿ, ಸ್ವಲ್ಪ ತೂಕದ ಪೆಲೆಟ್ ಹಾಕಿ. ಪಿಸಿಪಿ ಸದ್ದು ಮಾಡುವ ಜಾತಿ, ಆದ್ದರಿಂದ ಕಾರ್ಖಾನೆಯಲ್ಲೇ ಬ್ಯಾರೆಲ್ ಸುತ್ತ ಕವಚ ಕೂರಿಸಿದ ಮಾದರಿ ನೋಡಿ. ಬಿಡಿಯಾಗಿ ಸಿಗುವ ಸದ್ದಡಗುಕ ಹಲವು ದೇಶಗಳಲ್ಲಿ ಕಾನೂನಿನ ಕಣ್ಣಿಗೆ ಬೀಳುತ್ತದೆ, ಮನೆಯಲ್ಲಿ ಮಾಡುವುದಂತೂ ಬೇಡವೇ ಬೇಡ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಬಿಡುವುದು ಎಲ್ಲ ಸದ್ದಡಗುಕಗಳಿಗಿಂತ ಮೇಲು.

ಇಲಿ ಬರುವುದು ರಾತ್ರಿ. ಕತ್ತಲಲ್ಲಿ ಏನು ಮಾಡಲಿ?

ಕೆಂಪು ಬೆಳಕು ಇಲಿಯ ಕಣ್ಣಿಗೆ ಅಷ್ಟಾಗಿ ನಾಟುವುದಿಲ್ಲ. ಸ್ಕೋಪ್ ಮೇಲೆ ಸಣ್ಣ ಕೆಂಪು ಟಾರ್ಚು ಸಿಕ್ಕಿಸಿದರೆ, ಇಲ್ಲವೇ ಕಾಳು ಹಾಕುವ ಜಾಗದ ಮೇಲೆ ಮಂದ ಕೆಂಪು ಬಲ್ಬನ್ನು ಮೂರ್ನಾಲ್ಕು ರಾತ್ರಿ ಮೊದಲೇ ಹಚ್ಚಿಟ್ಟು ರೂಢಿ ಮಾಡಿಸಿದರೆ, ನೆಮ್ಮದಿಯಾಗಿ ಕೂತು ತಿನ್ನುತ್ತವೆ. ಆದರೆ ಟಾರ್ಚಿನ ಬೆಳಕು ಇಲಿಯನ್ನು ತೋರಿಸುತ್ತದೆಯೇ ಹೊರತು ಅದರ ಹಿಂದಿರುವುದನ್ನಲ್ಲ. ಹಗಲಲ್ಲಿ ಅಳೆದು, ತಡೆ ಕಟ್ಟಿ, ಗುರಿ ಕೂಡಿಸಿದ ಆ ಒಂದು ಜಾಗ ಬಿಟ್ಟು ಬೇರೆಡೆಗೆ ರಾತ್ರಿ ಬ್ಯಾರೆಲ್ ತಿರುಗಿಸಬಾರದು. ಮಿಣುಕುವ ಎರಡು ಕಣ್ಣಿಗೆ ಹೊಡೆದು ಮನೆಯ ಬೆಕ್ಕನ್ನು ಕಳೆದುಕೊಂಡವರಿದ್ದಾರೆ.

ಎಲ್ಲಿಗೆ ಹೊಡೆಯಬೇಕು? ಗಾಯಗೊಂಡು ಓಡಿದರೆ?

ತಲೆಗೆ, ಪಕ್ಕದಿಂದ ಕಂಡರೆ ಕಣ್ಣು ಕಿವಿಗಳ ನಡುವೆ. ಓಡುತ್ತಿರುವುದಕ್ಕೆ ಹೊಡೆಯಬೇಡಿ, ನಿಂತು ತಿನ್ನುವವರೆಗೆ ಕಾಯಿರಿ. ಗಾಯಗೊಂಡು ಅಲ್ಲೇ ಬಿದ್ದಿದ್ದರೆ ತಡಮಾಡದೆ ಎರಡನೇ ಪೆಲೆಟ್. ಬಿಲ ಸೇರಿಬಿಟ್ಟರೆ ಆ ರಾತ್ರಿ ರೈಫಲ್ ಒಳಗಿಟ್ಟು, ಬೆಳಿಗ್ಗೆ ಗುರಿ ಎಲ್ಲಿ ತಪ್ಪಿತೆಂದು ಕಾಗದದ ಮೇಲೆ ಪರೀಕ್ಷಿಸಿ.

ಸತ್ತ ಇಲಿಯನ್ನು ಏನು ಮಾಡಲಿ?

ಬರಿಗೈಯಲ್ಲಿ ಮುಟ್ಟಬೇಡಿ, ಲೆಪ್ಟೊಸ್ಪೈರೋಸಿಸ್‌ನಂಥ ಕಾಯಿಲೆಗಳು ಅದರ ಮೂತ್ರದಲ್ಲಿ ಬರುತ್ತವೆ. ಕೈಗವಸು ಹಾಕಿ, ರಕ್ತ ಬಿದ್ದ ಜಾಗಕ್ಕೆ ಬ್ಲೀಚ್ ನೀರು ಸುರಿದು, ನಾಯಿ ಕೆದಕದಷ್ಟು ಆಳಕ್ಕೆ ಹೂಳಿ. ಮೈಯೊಳಗೆ ಸೀಸ ಇರುವುದರಿಂದ ಕಾಗೆ ಹದ್ದುಗಳಿಗೆಂದು ಬಯಲಲ್ಲಿ ಎಸೆಯುವುದೂ ತಪ್ಪು.

ರೈಫಲ್ ನೋಡಿಕೊಳ್ಳುವುದು ಹೇಗೆ?

ಮಕ್ಕಳಿಗೆ ಸಿಗದಂತೆ ಬೀಗ ಹಾಕಿ, ಪೆಲೆಟ್ ಬೇರೆ ಕಡೆ ಇಡಿ. ಹಾರಿಸುವಾಗ ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ನಿಂತವರಿಗೂ. ಸ್ಪ್ರಿಂಗ್ ರೈಫಲ್ ಅನ್ನು ಪೆಲೆಟ್ ಇಲ್ಲದೆ ಹಾರಿಸಬಾರದು. ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ. ಗಾಳಿ ಹಿಂಡುವ ಕೊಠಡಿಗೆ ಸಾಧಾರಣ ಎಣ್ಣೆ ಬಿಟ್ಟರೆ ಡೀಸೆಲ್ ಎಂಜಿನ್‌ನಂತೆ ಒಳಗೇ ಹೊತ್ತಿ ಹೊಗೆ ಬಂದು ಸೀಲ್ ಸುಡುತ್ತದೆ. ಹೊರಗಿನ ಕಬ್ಬಿಣಕ್ಕೆ ಮಾತ್ರ, ಬೆವರು ಒರೆಸಿದ ಮೇಲೆ, ತೆಳುವಾಗಿ ಎಣ್ಣೆ ಹಚ್ಚಿ. ಬ್ಯಾರೆಲ್ ಒಳಗನ್ನು ವಾರವಾರ ಉಜ್ಜಬೇಡಿ. ಗುರಿ ಚದುರಲು ಶುರುವಾದಾಗ ಬಟ್ಟೆ ಎಳೆದರೆ ಸಾಕು, ಎಳೆದ ಮೇಲೆ ಮೊದಲ ಹತ್ತು ಹದಿನೈದು ಪೆಲೆಟ್ ಲೆಕ್ಕಕ್ಕೆ ಹಿಡಿಯಬೇಡಿ.